‘ಅಲ್ಲಿ ಬಿಸಿಲು ಹೇಗಿದೆ?’ ಎಂದು ಕೇಳುವವರ ಪರವಾಗಿ

ಕನ್ನಡದ ಓದುಬರಹದ ಲೋಕದಲ್ಲಿ ಮಾತುಗಳಿಗೂ ಒಂದು ಪಂಕ್ತಿಭೇದವಿದೆ. ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಮೊದಲ ಪಂಕ್ತಿಯಲ್ಲಿ ಸಿದ್ಧಾಂತ, ವಿಮರ್ಶೆ, ಪ್ರಭುತ್ವ, ಸಾವು. ಎರಡನೆಯದರಲ್ಲಿ ಪ್ರೇಮ, ಬಾಲ್ಯ, ಅಮ್ಮನ ಸೆರಗು. ಇನ್ನು ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕೂತಿರುವುದು, ‘ಏನು ಸೆಖೆ ಮಾರಾಯ, ತಡೆಯಕ್ಕಾಗದೆ ನಿನ್ನೆ ಸಂಜೆ ಕೆರೆ ಏರಿ ಮೇಲೆ ಹೋಗಿ ಕೂತು ಬಂದ್ವಿ’ ಎನ್ನುವ ಮಾತು. ಒಂದು ಗಂಟೆ ಹೀಗೆ ಮಾತಾಡಿ ಫೋನಿಟ್ಟವರನ್ನು ಏನು ಮಾತಾಡಿದಿರಿ ಎಂದು ಕೇಳಿ ನೋಡಿ. ‘ಏನಿಲ್ಲ, ಸುಮ್ನೆ’ ಎನ್ನುತ್ತಾರೆ. ಆಡಿದವರೇ ಆ ಮಾತಿಗೆ ಮರ್ಯಾದೆ ಕೊಡುವುದಿಲ್ಲ.

ನನ್ನ ತಕರಾರು ಇರುವುದು ಆ ‘ಏನಿಲ್ಲ’ ಎಂಬುದರ ಮೇಲೆ. ಬೇಸಿಗೆಯಲ್ಲಿ ಗೆಳೆಯರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಬಿಸಿಲಿನ ಸುದ್ದಿ, ಸಣ್ಣಪುಟ್ಟ ತಿರುಗಾಟದ ಸುದ್ದಿ ಇವತ್ತು ನಮ್ಮಲ್ಲಿ ಹುಟ್ಟುತ್ತಿರುವ ಅತ್ಯಂತ ಉಪಯುಕ್ತವಾದ ಗದ್ಯ ಎಂದು ನಾನು ವಾದಿಸುತ್ತೇನೆ. ಅದನ್ನು ಹರಟೆ ಎಂದು ಮೂಗು ಮುರಿಯುವವರು ಭಾಷೆಗೂ ಜೀವಕ್ಕೂ ಒಟ್ಟಿಗೇ ಕೇಡು ಮಾಡುತ್ತಿದ್ದಾರೆ.

ನಾನಿರುವ ಒಂದು ಸಾಹಿತ್ಯದ ವಾಟ್ಸಾಪ್ ಗುಂಪಿನಲ್ಲಿ ಹೋದ ಏಪ್ರಿಲ್‌ನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಸಾಲು ಬರೆದಿದ್ದರು. ತಾರಸಿಯ ಮೇಲೆ ಸಂಡಿಗೆ ಇಟ್ಟದ್ದು, ಹತ್ತು ಗಂಟೆಗೇ ಕಾಲಿಡಲಾಗದಷ್ಟು ನೆಲ ಕಾದದ್ದು, ಮಧ್ಯಾಹ್ನ ಮೂರಕ್ಕೆ ಮೋಡ ಕವಿದು ಹನಿ ಬೀಳದೆ ಹೋದದ್ದು. ಐದೇ ನಿಮಿಷಕ್ಕೆ ಗುಂಪಿನ ಹಿರಿಯರೊಬ್ಬರ ಉತ್ತರ ಬಂತು: ‘ಮೇಡಂ, ಇಲ್ಲಿ ಸಾಹಿತ್ಯದ ಚರ್ಚೆ ಮಾತ್ರ, ದಯವಿಟ್ಟು.’ ಅದರ ಕೆಳಗೆ ಏಳೆಂಟು ಜನ ಕೈಮುಗಿದ ಚಿತ್ರ ಒತ್ತಿದರು. ಮರುದಿನ ಅದೇ ಗುಂಪಿನಲ್ಲಿ ಗ್ರೀಷ್ಮ ಋತುವಿನ ಕಾವ್ಯವರ್ಣನೆಯ ಬಗ್ಗೆ ಉದ್ದನೆಯ ಬರಹವೊಂದು ಬಂತು, ಮೆಚ್ಚುಗೆಯೂ ಬಂತು. ಪುಸ್ತಕದೊಳಗಿನ ಬೇಸಿಗೆ ಸಾಹಿತ್ಯ, ತಾರಸಿಯ ಮೇಲಿನ ಬೇಸಿಗೆ ಕಸ! ಆ ಶಿಕ್ಷಕಿ ಆಮೇಲೆ ಅಲ್ಲಿ ಏನನ್ನೂ ಬರೆಯಲಿಲ್ಲ.

ಈ ತಾತ್ಸಾರಕ್ಕೆ ಶಾಸ್ತ್ರದ ಬೆಂಬಲವನ್ನೂ ತರುತ್ತಾರೆ. ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್ಸ್ಕಿ 1923ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಯೋಗಕ್ಷೇಮ, ಹವೆಯ ಬಗೆಗಿನ ಇಂಥ ಮಾತುಗಳಿಗೆ ‘ಫ್ಯಾಟಿಕ್ ಕಮ್ಯೂನಿಯನ್’ ಎಂಬ ಹೆಸರು ಕೊಟ್ಟ. ವಿಚಾರ ಮುಟ್ಟಿಸುವುದಕ್ಕಲ್ಲ, ಆಡುವವರ ನಡುವೆ ಒಂದು ನಂಟು ಕಟ್ಟುವುದಕ್ಕೆ ಈ ಮಾತುಗಳಿವೆ ಎಂಬುದು ಅವನ ಅಭಿಪ್ರಾಯ. ಭಾಷಾವಿಜ್ಞಾನದ ತರಗತಿಗಳಲ್ಲಿ ಇದನ್ನು ಓದಿದವರು ಮಾತಿನ ಅರ್ಧವನ್ನಷ್ಟೇ ನೆನಪಿಟ್ಟುಕೊಂಡರು: ಹವಾಮಾನದ ಮಾತಿನಲ್ಲಿ ಸುದ್ದಿ ಇರುವುದಿಲ್ಲ ಎಂದು. ನಂಟು ಕಟ್ಟುವುದು ಸಣ್ಣ ಕೆಲಸವೇ ಎಂಬ ಪ್ರಶ್ನೆ ಒಂದು ಕಡೆಗಿರಲಿ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ನಿಂತು ಬಿಸಿಲಿನ ಮಾತಿನಲ್ಲಿ ಸುದ್ದಿಯಿಲ್ಲ ಎನ್ನಲು ಯಾವ ಪಂಡಿತನಿಗೂ ಧೈರ್ಯ ಬರಲಿಕ್ಕಿಲ್ಲ.

ಸುದ್ದಿ ಹೇಗಿರುತ್ತದೆ ನೋಡಿ. ಕಲಬುರಗಿಯ ನನ್ನ ಗೆಳೆಯ ಕಳಿಸುತ್ತಾನೆ: ‘ಆಫೀಸು ಎಂಟಕ್ಕ ಚಾಲೂ ಆಗ್ಯದ. ಒಂದೂವರಿಗೆ ಮನಿಗೆ ಬಂದೆ. ಗ್ವಾಡಿ ಮುಟ್ಟಿದ್ರ ಸುಡತದ. ರಾತ್ರಿ ಮಾಳಗಿ ಮ್ಯಾಲೆ ಮಲಗೀವಿ, ನಾಕಕ್ಕ ಜರಾ ತಂಪಾತು.’ ಉಡುಪಿಯವನು ಬರೆಯುತ್ತಾನೆ: ‘ಎಂತ ಸೆಖೆ ಮಾರಾಯ. ಬೆವರು ಆರುವುದೇ ಇಲ್ಲ. ಸಂಜೆ ಮಲ್ಪೆಗೆ ಹೋದದ್ದು, ಅಲ್ಲಿಯೂ ಗಾಳಿಯಿಲ್ಲ. ಬಾವಿಯ ನೀರು ಇನ್ನೊಂದು ವಾರ ಬಂದರೆ ಪುಣ್ಯ.’ ಶಿರಸಿಯಿಂದ ಮಾವಿನಮಿಡಿಯ ಸುದ್ದಿ, ಈ ಸಲ ಮಿಡಿ ಉದುರಿತು ಎಂದು.

ಇವರು ಯಾರೂ ಹವಾಮಾನ ತಜ್ಞರಲ್ಲ. ಆದರೆ ಈ ಸಾಲುಗಳಲ್ಲಿ ಎಷ್ಟು ತಿಳಿವಳಿಕೆ ಅಡಗಿದೆ! ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ 1:30ಕ್ಕೆ ಬದಲಾಗುವ ಸೀಮೆಯೊಂದು ಇದೇ ರಾಜ್ಯದಲ್ಲಿದೆ ಎಂಬುದು ಬೆಂಗಳೂರಿನ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ‘ಬೆವರು ಆರುವುದಿಲ್ಲ’ ಎಂಬ ಎರಡು ಪದಗಳನ್ನೇ ತೆಗೆದುಕೊಳ್ಳಿ. ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಸುರಿದ ಬೆವರು ಆವಿಯಾಗುವುದರಿಂದ. ಗಾಳಿಯಲ್ಲೇ ತೇವ ತುಂಬಿದ್ದರೆ ಬೆವರು ಆರದು, ಮೈಯೊಳಗಿನ ಕಾವು ಹೊರಗೆ ಹೋಗದು. ಅದಕ್ಕೇ ಕರಾವಳಿಯ 35 ಡಿಗ್ರಿ ಬಯಲುಸೀಮೆಯ 39ಕ್ಕಿಂತ ಹೆಚ್ಚು ಸುಸ್ತು ಮಾಡಬಲ್ಲದು. ಹವಾಮಾನ ಇಲಾಖೆಗೂ ಇದು ಗೊತ್ತು. ಬಿಸಿಗಾಳಿ ಎಂದು ಸಾರಲು ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ಇರಬೇಕು ಎನ್ನುವ ಇಲಾಖೆ ಕರಾವಳಿಗೆ 37 ಡಿಗ್ರಿಯ ಗೆರೆ ಇಟ್ಟುಕೊಂಡಿದೆ.

ಮೊಬೈಲಿನಲ್ಲಿ ಡಿಗ್ರಿ ಬರುತ್ತದಲ್ಲ, ಗೆಳೆಯರನ್ನು ಕೇಳುವುದೇಕೆ ಎಂಬುದು ಇಂದಿನ ಜಾಣ ಪ್ರಶ್ನೆ. ಹವಾಮಾನ ಕೇಂದ್ರದ ತಾಪಮಾಪಕವನ್ನು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೇರ ಬಿಸಿಲು ತಾಗದ ಹಾಗೆ ಇಡುತ್ತಾರೆ. ಅಳತೆಗೆ ಅದೇ ಸರಿಯಾದ ಕ್ರಮ. ಆದರೆ ತಾಪಮಾಪಕ ಇರುವುದು ನೆರಳಿನಲ್ಲಿ, ಜನ ಇರುವುದು ಬಿಸಿಲಿನಲ್ಲಿ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು. ತಗಡಿನ ಶೆಡ್ಡಿನಲ್ಲಿ ಇಸ್ತ್ರಿ ಮಾಡುವವನಿಗೆ, ಸಿಗ್ನಲ್ಲಿನಲ್ಲಿ ನಿಂತ ಡೆಲಿವರಿ ಹುಡುಗನಿಗೆ, ಮೇಲಿನ ಮಹಡಿಯ ಪಿಜಿಯಲ್ಲಿ ಫ್ಯಾನಿನ ಕೆಳಗೆ ಓದುತ್ತಿದ್ದ ನಿಮಗೆ ಅಂದು ಎಷ್ಟು ಡಿಗ್ರಿ ಇತ್ತು ಎಂದು ಯಾವ ಆಪ್ ಹೇಳುತ್ತದೆ? ನೀವೇ ಹೇಳಬೇಕು. ಯಾರಾದರೂ ಕೇಳಬೇಕು.

ಕೇಳುವುದು ಎಂಬ ಈ ಕೆಲಸದಲ್ಲಿ ಪ್ರಾಣ ಉಳಿಸುವ ಗುಣವಿದೆ. ಅಲಂಕಾರಕ್ಕೆ ಹೇಳುತ್ತಿಲ್ಲ. ಬಿಸಿಲಿನ ಆಘಾತವಾದಾಗ ಮೈಯೊಳಗಿನ ಕಾವು 40 ಡಿಗ್ರಿ ದಾಟಿ ಮೊದಲು ಕೆಡುವುದು ಬುದ್ಧಿ. ಮಾತು ತೊದಲುತ್ತದೆ, ಗೊಂದಲವಾಗುತ್ತದೆ, ಸಿಡುಕು ಹೆಚ್ಚುತ್ತದೆ. ತನಗೇನೋ ಆಗುತ್ತಿದೆ ಎಂದು ಆ ಮನುಷ್ಯನಿಗೇ ತಿಳಿಯದು. ತಿಳಿಯಬೇಕಾದದ್ದು ಎದುರಿಗಿದ್ದವರಿಗೆ, ಅಥವಾ ಫೋನಿನ ಆ ತುದಿಯಲ್ಲಿದ್ದವರಿಗೆ. ‘ಊಟ ಆಯ್ತಾ? ರಾತ್ರಿ ನಿದ್ದೆ ಬಂತಾ?’ ಎಂಬ ಪ್ರಶ್ನೆಯೂ ಹಾಗೆಯೇ. ಹಗಲಿನ ಕಾವಿನಿಂದ ಮೈ ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಆ ತಂಪು ಸಿಗದ ರಾತ್ರಿಗಳು ಒಂದರ ಹಿಂದೊಂದು ಬಂದರೆ ವಯಸ್ಸಾದವರ ಹೃದಯ ಸೋಲುತ್ತದೆ. ನಾವು ಲೊಟಲೊಟೆ ಎಂದು ತಳ್ಳಿಹಾಕುವ ಪ್ರಶ್ನೆ ವೈದ್ಯರು ಕೇಳಬೇಕಾದ ಪ್ರಶ್ನೆಯೇ ಆಗಿದೆ.

1995ರ ಜುಲೈನಲ್ಲಿ ಅಮೆರಿಕದ ಶಿಕಾಗೋ ನಗರದ ಮೇಲೆ ಬಿಸಿಗಾಳಿ ಎರಗಿತು. ಒಂದು ವಾರದಲ್ಲಿ ಸಾಮಾನ್ಯಕ್ಕಿಂತ 739 ಸಾವು ಹೆಚ್ಚಾಯಿತು. ಸತ್ತವರಲ್ಲಿ ಎಷ್ಟೋ ಜನ ಮುಚ್ಚಿದ ಕಿಟಕಿಗಳ ಹಿಂದೆ ಒಬ್ಬರೇ ಇದ್ದ ಮುದುಕರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಆ ವಾರವನ್ನು ಅಧ್ಯಯನ ಮಾಡಿ 2002ರಲ್ಲಿ ‘ಹೀಟ್ ವೇವ್’ ಎಂಬ ಪುಸ್ತಕ ಬರೆದ. ಅದರಲ್ಲಿ ಅಕ್ಕಪಕ್ಕದ ಎರಡು ಬಡಾವಣೆಗಳ ಹೋಲಿಕೆ ಬರುತ್ತದೆ: ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್. ಎರಡರಲ್ಲೂ ಬಡವರಿದ್ದರು, ಒಂಟಿ ಮುದುಕರಿದ್ದರು, ಸುಟ್ಟ ಬಿಸಿಲು ಒಂದೇ. ಆದರೂ ಮೊದಲನೆಯದರಲ್ಲಿ ಸಾವಿನ ಪ್ರಮಾಣ ಎರಡನೆಯದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಕಾರಣ ಹುಡುಕುತ್ತಾ ಹೋದ ಅವನಿಗೆ ಕಂಡದ್ದು ಬೀದಿಗಳು. ನಾರ್ತ್ ಲಾನ್‌ಡೇಲಿನಲ್ಲಿ ಕಾರ್ಖಾನೆಗಳು ಹೋಗಿ, ಅಂಗಡಿಗಳು ಮುಚ್ಚಿ, ಖಾಲಿ ನಿವೇಶನಗಳು ಉಳಿದು, ಮುದುಕರಿಗೆ ಹೊರಬರಲು ಭಯವಿತ್ತು. ಪಕ್ಕದ ಬಡಾವಣೆಯಲ್ಲಿ ಬೀದಿ ತುಂಬ ಅಂಗಡಿ, ಜನಜಂಗುಳಿ. ಅಲ್ಲಿಯ ಮುದುಕರಿಗೆ ಸುಮ್ಮನೆ ಒಂದು ಸುತ್ತು ಹೋಗಿಬರುವ ಅಭ್ಯಾಸವಿತ್ತು, ಹೋದಲ್ಲಿ ತಂಪಿತ್ತು, ಮಾತಾಡಿಸುವವರಿದ್ದರು.

ಸುಮ್ಮನೆ ಒಂದು ಸುತ್ತು! ನಮ್ಮ ಗಂಭೀರ ಜನ ‘ಕಾಲಹರಣ’ ಎನ್ನುವುದು ಇದಕ್ಕೇ.

ನಮ್ಮ ದೇಶದ ಉದಾಹರಣೆ ಬೇಕಿದ್ದರೆ ಅಹಮದಾಬಾದ್ ಇದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಲ್ಲಿ ಸಾಮಾನ್ಯಕ್ಕಿಂತ 1,344 ಸಾವು ಹೆಚ್ಚಾದ ಲೆಕ್ಕ ಸಿಕ್ಕಿತು. ಆಮೇಲೆ 2013ರಲ್ಲಿ ಆ ನಗರ ಬಿಸಿಗಾಳಿ ಎದುರಿಸುವ ಕಾರ್ಯಯೋಜನೆ ಮಾಡಿಕೊಂಡಿತು. ನಾಳೆ ಬಿಸಿಲು ಜೋರಿದೆ ಎಂದು ಮೊದಲೇ ಜನರಿಗೆ ತಿಳಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಒಂದು ಮಹಾನಗರ ಅಧಿಕಾರಿಗಳನ್ನು ಕೂರಿಸಿ ಮಾಡಿಸುತ್ತಿರುವ ಕೆಲಸವನ್ನು ಇಬ್ಬರು ಗೆಳೆಯರು ಬಿಟ್ಟಿಯಾಗಿ ಮಾಡಿದರೆ ನಾವು ಅದಕ್ಕೆ ಹರಟೆ ಎನ್ನುತ್ತೇವೆ.

ಇನ್ನೊಂದು ಆಕ್ಷೇಪ ಬಲವಾದದ್ದು, ಅದಕ್ಕೆ ನೇರವಾಗಿ ಉತ್ತರ ಕೊಡಬೇಕು. ಹವಾಮಾನದ ಮಾತು ರಾಜಕಾರಣದಿಂದ ತಪ್ಪಿಸಿಕೊಳ್ಳುವ ಉಪಾಯ, ಹೊಟ್ಟೆ ತುಂಬಿದವರ ಮಾತು ಎನ್ನುತ್ತಾರೆ ನನ್ನ ಕೆಲವು ಸಂಗಾತಿಗಳು. ಆ ಮಾತನ್ನು ಎರಡು ನಿಮಿಷ ಮುಂದುವರಿಸಿ ನೋಡಿ ಎಂದಷ್ಟೇ ನಾನು ಕೇಳುವುದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ‘ಸೆಖೆ’ ಎಂದವರು ಮರುಗಳಿಗೆ ಬೋರ್‌ವೆಲ್ ಬತ್ತಿದ್ದರ ಬಗ್ಗೆ ಮಾತಾಡಿದರು. ಅಲ್ಲಿಂದ ಟ್ಯಾಂಕರಿನ ದರಕ್ಕೆ, ಟ್ಯಾಂಕರಿನಿಂದ ಮುಚ್ಚಿಹೋದ ಕೆರೆಗೆ, ಕೆರೆಯಿಂದ ರಸ್ತೆ ಅಗಲ ಮಾಡಲು ಉರುಳಿದ ಮರಕ್ಕೆ ಮಾತು ತಾನಾಗಿ ಹೋಯಿತು. ತಿರುಗಾಟದ ಮಾತೂ ಹಾಗೆಯೇ. ‘ಮಧ್ಯಾಹ್ನ ಪಾರ್ಕಿಗೆ ಹೋದರೆ ಗೇಟಿಗೆ ಬೀಗ’ ಎಂಬ ದೂರು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೇಳಿದ್ದೇವೆ. ನೆರಳು ಯಾವ ಹೊತ್ತಿಗೆ ಬೇಕೋ ಅದೇ ಹೊತ್ತಿಗೆ ನೆರಳಿಗೆ ಬೀಗ! 2024ರಲ್ಲಿ ಪಾಲಿಕೆಯ ಪಾರ್ಕುಗಳ ವೇಳೆಯನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ವಿಸ್ತರಿಸಲಾಯಿತು. ದುಡ್ಡು ಕೊಡದೆ ಕೂರಬಹುದಾದ ನೆರಳು ಯಾರಿಗೆ ಸಿಗಬೇಕು, ಎಷ್ಟು ಹೊತ್ತು ಸಿಗಬೇಕು ಎಂಬುದಕ್ಕಿಂತ ಸ್ಪಷ್ಟವಾದ ರಾಜಕೀಯ ಪ್ರಶ್ನೆ ನನಗೆ ಗೊತ್ತಿಲ್ಲ. ಅದು ಹುಟ್ಟುವುದು ‘ಎಲ್ಲಿಗೆ ಹೋಗಿದ್ರಿ?’ ಎಂಬ ಮಾತಿನಲ್ಲಿ.

ಸಾಹಿತ್ಯದವರು ನೆನಪಿಡಬೇಕಾದ ಸಂಗತಿಗಳೂ ಇವೆ. ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಮರಗಳು ಯಾವ ದಿನ ಹೂ ತುಂಬಿಕೊಂಡವು ಎಂಬುದರ ಲೆಕ್ಕ ಒಂಬತ್ತನೆಯ ಶತಮಾನದಿಂದ ಸಿಗುತ್ತದೆ. ಅದನ್ನು ಬರೆದಿಟ್ಟವರು ವಿಜ್ಞಾನಿಗಳಲ್ಲ. ಇವತ್ತು ಹೂ ನೋಡಲು ಹೋಗಿದ್ದೆವು, ಇಂಥವರು ಜೊತೆಗಿದ್ದರು ಎಂದು ದಿನಚರಿಯಲ್ಲಿ ಗೀಚಿಕೊಂಡ ಆಸ್ಥಾನಿಕರು, ಸನ್ಯಾಸಿಗಳು. ಆ ‘ಕೆಲಸಕ್ಕೆ ಬಾರದ’ ಸಾಲುಗಳನ್ನು ಇಂದಿನ ಸಂಶೋಧಕರು ಹೆಕ್ಕಿ ಜೋಡಿಸಿದ್ದರಿಂದಲೇ 2021ರ ಮಾರ್ಚ್ 26ರಂದು ಮರಗಳು ಹೂ ತುಂಬಿದಾಗ, 1,200 ವರ್ಷಗಳ ದಾಖಲೆಯಲ್ಲಿ ಇಷ್ಟು ಬೇಗ ಎಂದೂ ಆಗಿರಲಿಲ್ಲ ಎಂದು ಹೇಳಲು ಸಾಧ್ಯವಾಯಿತು. ಭೂಮಿ ಬಿಸಿಯಾಗುತ್ತಿದೆ ಎನ್ನುವುದಕ್ಕೆ ಗೆಳೆಯರ ತಿರುಗಾಟವೇ ಸಾಕ್ಷಿ ಹೇಳಿತು. ಇಂಗ್ಲೆಂಡಿನ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯ ಸೆಲ್ಬೋರ್ನ್ ಹಳ್ಳಿಯ ಪುಸ್ತಕ, 1789ರದ್ದು, ಇಬ್ಬರು ಪರಿಚಿತರಿಗೆ ಬರೆದ ಪತ್ರಗಳ ರೂಪದಲ್ಲಿದೆ. 1783ರ ಬೇಸಿಗೆಯಲ್ಲಿ ಕವಿದ ವಿಚಿತ್ರ ಮಬ್ಬನ್ನು, ಕೆಂಪಾದ ಸೂರ್ಯನನ್ನು ಅವನು ಅದರಲ್ಲಿ ವಿವರಿಸಿದ್ದಾನೆ. ಅದು ಆ ವರ್ಷ ಐಸ್‌ಲ್ಯಾಂಡಿನ ಲಾಕಿ ಜ್ವಾಲಾಮುಖಿ ಕಾರಿದ ಹೊಗೆ.

ನಮ್ಮಲ್ಲಿ ಏನು ಕಡಿಮೆಯಿದೆ? ಅಶ್ವಿನಿಯಿಂದ ಹಿಡಿದು ಮಳೆ ನಕ್ಷತ್ರಗಳ ಲೆಕ್ಕವೇ ಇದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬ ಗಾದೆಗಳನ್ನು ಯಾವ ಕವಿ ಕೂತು ಬರೆದ? ಕಟ್ಟೆಯ ಮೇಲೆ ಕೂತವರು ‘ನಿಮ್ಮ ಕಡೆ ಮಳೆಯಾಯ್ತಾ’ ಎಂದು ತಲೆಮಾರುಗಟ್ಟಲೆ ಕೇಳಿಕೊಂಡು, ಸುಳ್ಳಾದದ್ದನ್ನು ಬಿಟ್ಟು, ನಿಂತದ್ದನ್ನು ಪ್ರಾಸಕ್ಕೆ ಕೂರಿಸಿದರು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಇವತ್ತಿಗೂ ಹೂಮಳೆ ಯಾವ ದಿನ ಬಿತ್ತು, ಎಷ್ಟು ಬಿತ್ತು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಆ ಮಾತಿನ ಮೇಲೆ ವರ್ಷದ ಫಸಲು ನಿಂತಿರುತ್ತದೆ. ಗೊರೂರರ ‘ಹಳ್ಳಿಯ ಚಿತ್ರಗಳು’, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಮೂರ್ತಿರಾಯರ ‘ಹಗಲುಗನಸುಗಳು’ ಇರುವ ಭಾಷೆ ಇದು. ಸಣ್ಣ ಸಂಗತಿಗೆ ಪೀಠ ಹಾಕಿ ಕೂರಿಸಿದ ಭಾಷೆಯಲ್ಲಿ, ಸಣ್ಣ ಸಂಗತಿ ಹೇಳಿದ ಶಿಕ್ಷಕಿಯನ್ನು ಎಬ್ಬಿಸಿ ಕಳಿಸುತ್ತೇವೆ.

ಪದಗಳ ಮಾತೂ ಇದೆ. ಬಿಸಿಲು, ಝಳ, ಧಗೆ, ಸೆಖೆ, ಬೇಗೆ, ಕಾವು, ಕುದಿ, ಎಳೆಬಿಸಿಲು, ರಣಬಿಸಿಲು. ಇವು ಒಂದೇ ಅರ್ಥದ ಪದಗಳಲ್ಲ. ಝಳ ಮುಖಕ್ಕೆ ಹೊಡೆಯುತ್ತದೆ, ಸೆಖೆ ಮೈಗೆ ಅಂಟುತ್ತದೆ, ಧಗೆ ಕೋಣೆಯೊಳಗೆ ಕಟ್ಟಿಕೊಳ್ಳುತ್ತದೆ. ಈ ವ್ಯತ್ಯಾಸ ನಿಘಂಟಿನಲ್ಲಿ ಉಳಿಯುವುದಿಲ್ಲ, ಬಳಕೆಯಲ್ಲಿ ಉಳಿಯುತ್ತದೆ. ಎಲ್ಲರೂ ‘ಟೂ ಹಾಟ್ ಯಾರ್’ ಎಂದು ಮುಗಿಸಿದ ದಿನ ಒಂಬತ್ತು ಬಗೆಯ ಬಿಸಿಲು ಒಂದೇ ಬಿಸಿಲಾಗುತ್ತದೆ. ಭಾಷೆ ಉಳಿಸಿ ಎಂದು ಭಾಷಣ ಮಾಡುವವರು ಆಗ ಮೈಕಿನ ಮುಂದೆ ಇರುತ್ತಾರೆ.

ಹಾಗೆಂದು ಮೊಬೈಲಿಗೆ ಬರುವ ಎಲ್ಲವನ್ನೂ ನಾನು ಎತ್ತಿ ಹಿಡಿಯುತ್ತಿಲ್ಲ. ಗೆಳೆಯರ ಸುದ್ದಿಯನ್ನು ಕೊಲ್ಲುತ್ತಿರುವುದು ಗಂಭೀರ ಸಾಹಿತಿಗಳ ತಾತ್ಸಾರವೊಂದೇ ಅಲ್ಲ. ಒಂದು ಫಾರ್ವರ್ಡ್ ಪ್ರತಿ ಬೇಸಿಗೆ ತಪ್ಪದೆ ಬರುತ್ತದೆ: ಸೂರ್ಯ ನೆತ್ತಿಯ ಮೇಲೆ ಬಂದಿದ್ದಾನೆ, ಈಕ್ವಿನಾಕ್ಸ್ ವಿದ್ಯಮಾನದಿಂದ ಮುಂದಿನ ಐದು ದಿನ ಅಪಾಯ, ಹನ್ನೆರಡರಿಂದ ಮೂರರವರೆಗೆ ಹೊರಬರಬೇಡಿ. ವಿಷುವ ಬರುವುದು ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸು. ಮೇ ತಿಂಗಳಿನಲ್ಲೂ ಓಡಾಡುವ ಈ ಎಚ್ಚರಿಕೆಗೆ ಊರಿಲ್ಲ, ದಿನವಿಲ್ಲ, ಬರೆದವರಿಲ್ಲ. ಹನ್ನೆರಡರಿಂದ ಮೂರರವರೆಗೆ ಹೊರಬರಲೇಬೇಕಾದ ಗಾರೆ ಕೆಲಸದವನ ನೆನಪಂತೂ ಇಲ್ಲವೇ ಇಲ್ಲ. ಅದನ್ನು ಕಳಿಸಿದವರು ನಿಮ್ಮ ಬಗ್ಗೆ ಯೋಚಿಸಿರುವುದಿಲ್ಲ, ನೂರು ಜನರಿಗೆ ಒಟ್ಟಿಗೆ ಒತ್ತಿರುತ್ತಾರೆ. ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದ ಹಾಗಲ್ಲ.

ತಿರುಗಾಟಕ್ಕೂ ಇದೇ ಗತಿ ಬಂದಿದೆ. ಮೊದಲು ‘ಹೋಗಿದ್ವಿ, ಅಲ್ಲೇನೂ ಇರಲಿಲ್ಲ, ಚೆನ್ನಾಗಿತ್ತು’ ಎನ್ನುವುದು ಪೂರ್ತಿ ವರದಿಯಾಗಿತ್ತು. ಈಗ ಏನಾದರೂ ಇರಲೇಬೇಕು, ರೀಲ್ಸಿಗೆ ಒದಗಲೇಬೇಕು. ಹದಿನೈದು ಸೆಕೆಂಡಿನ ವಿಡಿಯೋದಲ್ಲಿ ಜಲಪಾತ ಕಾಣುತ್ತದೆ. ದಾರಿಯಲ್ಲಿ ನೀರಿನ ಬಾಟಲಿ ಖಾಲಿಯಾದದ್ದು, ಬಸ್ಸು ತಪ್ಪಿ ಹುಣಸೆಮರದ ಕೆಳಗೆ ಒಂದು ಗಂಟೆ ಕೂತದ್ದು, ಅಜ್ಜಿಯೊಬ್ಬರು ಮಜ್ಜಿಗೆ ಕೊಟ್ಟದ್ದು ಕಾಣುವುದಿಲ್ಲ. ಆ ವಿಡಿಯೋ ನೋಡಿದವರಿಗೆ ಹೊಟ್ಟೆಕಿಚ್ಚಾಗಬಹುದು, ಜೊತೆಗಿದ್ದ ಹಾಗೆ ಆಗುವುದಿಲ್ಲ. ಗೆಳೆಯ ಬರೆದ ನಾಲ್ಕು ಸಾಲು ಓದಿದಾಗ ಹಾಗಾಗುತ್ತದೆ, ಏಕೆಂದರೆ ಅವನು ನಿಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮಗೆಂದೇ ಬರೆದಿರುತ್ತಾನೆ.

ವಿದ್ಯಾರ್ಥಿಗಳೇ, ಇದನ್ನು ಮುಖ್ಯವಾಗಿ ನಿಮಗೆ ಹೇಳುತ್ತಿದ್ದೇನೆ. ದೊಡ್ಡ ವಿಷಯದ ಮೇಲೆ ಬರೆಯಿರಿ ಎಂದು ಎಲ್ಲರೂ ನಿಮ್ಮನ್ನು ಒತ್ತಾಯಿಸುತ್ತಾರೆ, ದೊಡ್ಡ ವಿಷಯ ಸಿಗದೆ ನೀವು ಬರೆಯುವುದನ್ನೇ ಮುಂದೂಡುತ್ತೀರಿ. ಇಲ್ಲೊಂದು ವಿಷಯ ಬಾಗಿಲಿಗೇ ಬಂದು ನಿಂತಿದೆ. ಈ ವಾರ ಮೂರು ಜನರಿಗೆ ಬರೆಯಿರಿ: ಬೇರೆ ಊರಿನಲ್ಲಿರುವ ಗೆಳೆಯರೊಬ್ಬರಿಗೆ, ಒಬ್ಬರೇ ಇರುವ ಹಿರಿಯರೊಬ್ಬರಿಗೆ, ಬಿಸಿಲಿನಲ್ಲೇ ದುಡಿಯುವ ಪರಿಚಿತರೊಬ್ಬರಿಗೆ. ಓದಲು ಬಾರದವರಾದರೆ ಫೋನು ಮಾಡಿ. ಉಪಮೆ ಬೇಡ, ಊರು ಮತ್ತು ಹೊತ್ತು ಇರಲಿ. ನೆಲ ಎಷ್ಟು ಕಾದಿತ್ತು, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಸಂಜೆ ಎಲ್ಲಿಗೆ ಹೋದಿರಿ, ಅಲ್ಲಿ ಗಾಳಿ ಇತ್ತೇ, ಯಾವ ಮರದ ಕೆಳಗೆ ಕೂತಿರಿ ಎಂದು ಹೇಳಿ. ಕೊನೆಗೆ ಅವರನ್ನು ಕೇಳಿ. ಉತ್ತರ ಬಾರದಿದ್ದರೆ ಮರುದಿನ ಮತ್ತೆ ಕೇಳಿ, ಆಗಲೂ ಬಾರದಿದ್ದರೆ ಹತ್ತಿರದಲ್ಲಿರುವ ಯಾರನ್ನಾದರೂ ಅವರ ಮನೆಗೆ ಕಳಿಸಿ.

ಏನು ಮಾಡುತ್ತಿದ್ದೀಯಾ ಎಂದು ಯಾರಾದರೂ ಕೇಳಿದರೆ ಮಾತ್ರ ‘ಏನಿಲ್ಲ, ಸುಮ್ನೆ’ ಎನ್ನಬೇಡಿ.